ಮಲೆನಾಡಿನ ಮನೆಗೆ ಎಷ್ಟು ಟನ್ ಎಸಿ ಬೇಕು? ಅಂಗಡಿಗೆ ಹೋಗುವ ಮೊದಲು ಮಾಡಿಕೊಳ್ಳಬೇಕಾದ ಲೆಕ್ಕ

ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಓದುಗರಿಂದ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಬೆಡ್‌ರೂಮಿಗೆ 1 ಟನ್ ಸಾಕಾ, 1.5 ಟನ್ ಹಾಕಿಸೋದಾ?" ಭದ್ರಾವತಿಯವರು ಕೇಳುತ್ತಾರೆ, ಸಾಗರದವರು ಕೇಳುತ್ತಾರೆ, ಶಿವಮೊಗ್ಗದ ಗೋಪಾಳದವರು, ವಿನೋಬನಗರದವರು ಕೇಳುತ್ತಾರೆ. ಎಲ್ಲರೂ ರೂಮಿನ ಉದ್ದ, ಅಗಲ ಬರೆದಿರುತ್ತಾರೆ. ಅಷ್ಟರಿಂದ ಸರಿಯಾದ ಉತ್ತರ ಕೊಡಲು ಬರುವುದಿಲ್ಲ. ನಮ್ಮ ಕಡೆ ರೂಮಿನ ಅಳತೆಗಿಂತ ತಲೆ ಮೇಲಿನ ಸೂರು ಎಂಥದ್ದು ಅನ್ನೋದೇ ಜಾಸ್ತಿ ಮುಖ್ಯ. ಆಮೇಲೆ, ನಮಗೆ ಕಾಟ ಕೊಡುವುದು ಬರೀ ಬಿಸಿಲಲ್ಲ, ಗಾಳಿಯಲ್ಲಿರುವ ತೇವವೂ ಹೌದು.

ಅಂಗಡಿಯಲ್ಲಿ ಕೇಳಿದರೆ "ಒಂದೂವರೆ ತಗೊಂಡುಬಿಡಿ ಸಾರ್, ಸೇಫ್" ಅನ್ನುತ್ತಾರೆ. ಸುಮಾರು ಮನೆಗಳಿಗೆ ಅದು ಸೇಫ್ ಅಲ್ಲ. ಯಾಕೆ ಅಂತ ಮೊದಲು ನೋಡಿ, ಆಮೇಲೆ ಲೆಕ್ಕಕ್ಕೆ ಕೂರೋಣ.

ಮೊದಲು ಗೊತ್ತಿರಬೇಕಾದ ಎರಡು ಪದ

ಟನ್ ಅಂದರೆ ಇಲ್ಲಿ ಯಂತ್ರದ ತೂಕ ಅಲ್ಲ. ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದಿಂದ ಬಂದ ಅಳತೆ ಇದು. ಸುಮಾರು 907 ಕೆಜಿ ಮಂಜುಗಡ್ಡೆ 24 ಗಂಟೆಯಲ್ಲಿ ಪೂರ್ತಿ ಕರಗುವಾಗ ಎಷ್ಟು ಶಾಖ ಹೀರಿಕೊಳ್ಳುತ್ತದೋ, ಆ ವೇಗಕ್ಕೆ 1 ಟನ್ ಎಂದರು. ಈಗಿನ ಲೆಕ್ಕದಲ್ಲಿ ಅದು ಗಂಟೆಗೆ 12,000 ಬಿಟಿಯು, ಅಥವಾ ಸುಮಾರು 3,500 ವ್ಯಾಟ್. ಬಿಟಿಯು ಅನ್ನೋದು ಶಾಖ ಅಳೆಯುವ ಒಂದು ಮಾನ, ಅಷ್ಟೇ. ಈ 3,500 ವ್ಯಾಟ್ ಅನ್ನುವುದು ರೂಮಿನಿಂದ ಹೊರಗೆ ಹಾಕುವ ಶಾಖ. ಎಸಿ ಎಳೆಯುವ ಕರೆಂಟ್ ಅಲ್ಲ, ಅದು ಇದರ ಮೂರರಲ್ಲೊಂದು ಭಾಗದ ಆಸುಪಾಸು ಇರುತ್ತದೆ.

ಎರಡನೆಯದು ಇನ್ವರ್ಟರ್. ಇದಕ್ಕೂ ಮನೆಯ ಬ್ಯಾಟರಿ ಯುಪಿಎಸ್‌ಗೂ ಸಂಬಂಧವೇ ಇಲ್ಲ. "ಇನ್ವರ್ಟರ್ ಎಸಿ ಅಂದ್ರೆ ಕರೆಂಟ್ ಹೋದಾಗಲೂ ಓಡುತ್ತಾ?" ಎಂದು ತುಂಬಾ ಜನ ಕೇಳುತ್ತಾರೆ. ಓಡುವುದಿಲ್ಲ. ಎಸಿಯ ಕಂಪ್ರೆಸರ್, ಅಂದರೆ ಹೊರಗಿನ ಡಬ್ಬಿಯಲ್ಲಿ ಗ್ಯಾಸನ್ನು ಒತ್ತುವ ಮೋಟಾರು, ಅಗತ್ಯ ನೋಡಿಕೊಂಡು ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುವ ವ್ಯವಸ್ಥೆಗೆ ಆ ಹೆಸರು.

ದೊಡ್ಡದು ಹಾಕಿಸಿದರೆ ಏನು ತೊಂದರೆ?

ಎಸಿ ಎರಡು ಕೆಲಸ ಮಾಡುತ್ತದೆ. ಗಾಳಿಯನ್ನು ತಂಪು ಮಾಡುತ್ತದೆ, ಗಾಳಿಯ ತೇವವನ್ನು ನೀರಾಗಿಸಿ ಹೊರಗೆ ಕಳಿಸುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಗೆ ಹನಿ ಕೂರುತ್ತದಲ್ಲ, ಎಸಿಯೊಳಗಿನ ಕಾಯಿಲ್, ಅಂದರೆ ತಣ್ಣನೆಯ ಕೊಳವೆಯ ಸುರುಳಿಯ ಮೇಲೂ ಹಾಗೇ ನೀರು ಕೂತು ಪೈಪಿನಲ್ಲಿ ಇಳಿಯುತ್ತದೆ. ಹೀಗೆ ನೀರು ಇಳಿಯಬೇಕಾದರೆ ಎಸಿ ಸ್ವಲ್ಪ ಹೊತ್ತು ಬಿಡದೆ ಓಡಬೇಕು.

ಚಿಕ್ಕ ರೂಮಿಗೆ ದೊಡ್ಡ ಎಸಿ ಹಾಕಿದರೆ ಕೆಲವೇ ನಿಮಿಷದಲ್ಲಿ ಗಾಳಿ 24 ಡಿಗ್ರಿಗೆ ಇಳಿಯುತ್ತದೆ. ಕಂಪ್ರೆಸರ್ ನಿಲ್ಲುತ್ತದೆ. ತೇವ ಮಾತ್ರ ಇದ್ದಲ್ಲೇ ಇರುತ್ತದೆ. ಮೈ ತಣ್ಣಗಾದರೂ ಹಾಸಿಗೆ ಜಿಗಿಜಿಗಿ ಅನ್ನಿಸುತ್ತದೆ. ಸಾಲದು ಅಂತ ನೀವು 20ಕ್ಕೆ ಇಳಿಸುತ್ತೀರಿ, ಬೆಳಿಗ್ಗೆ ಮೂಗು ಕಟ್ಟಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಸಂಜೆ ಮಳೆ ಬಿದ್ದು ರಾತ್ರಿಯಿಡೀ ಧಗೆ ಕೂತಿರುವ ದಿನಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ಕಲಬುರಗಿಯವರಿಗೆ ಹೊಂದುವ ಲೆಕ್ಕ ತೀರ್ಥಹಳ್ಳಿಯವರಿಗೆ ಹೊಂದುವುದಿಲ್ಲ.

ಇನ್ವರ್ಟರ್ ಎಸಿ ವೇಗ ಇಳಿಸಿಕೊಂಡು ಓಡುವುದರಿಂದ ಈ ತೊಂದರೆ ಕಡಿಮೆ. ಪೂರ್ತಿ ಹೋಗುವುದಿಲ್ಲ, ಅದಕ್ಕೂ ಒಂದು ಕನಿಷ್ಠ ವೇಗ ಇದೆ. ಅದಕ್ಕಿಂತ ಕೆಳಗೆ ಹೋಗಲಾರದೆ ಅದೂ ನಿಂತು ನಿಂತು ಓಡುತ್ತದೆ. ಹಾಗಂತ ತೀರಾ ಚಿಕ್ಕದೂ ಬೇಡ. ಮಧ್ಯಾಹ್ನ ಪೂರ್ತಿ ವೇಗದಲ್ಲಿ ಓಡಿದರೂ 28ಕ್ಕಿಂತ ಇಳಿಯದಿದ್ದರೆ ಕರೆಂಟೂ ದಂಡ, ಯಂತ್ರವೂ ಬೇಗ ಸವೆಯುತ್ತದೆ.

ನಮಗೆ ಒಂದು ಅನುಕೂಲ ಇದೆ. ಎಸಿಯ ಮೇಲೆ ಬರೆದ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ ಇದ್ದಾಗ ಅಳೆದಿರುತ್ತಾರೆ. ಹೊರಗಿನ ಬಿಸಿ ಏರಿದಂತೆ ಅದು ಇಳಿಯುತ್ತದೆ. 42 ಡಿಗ್ರಿ ಕಾಣುವ ರಾಯಚೂರಿನವರು ಅದಕ್ಕೆಂದೇ ಸ್ವಲ್ಪ ದೊಡ್ಡದು ತಗೊಳ್ಳಬೇಕಾಗುತ್ತದೆ. ಶಿವಮೊಗ್ಗದಲ್ಲಿ ಮಾರ್ಚ್-ಏಪ್ರಿಲ್ ಮಧ್ಯಾಹ್ನ 36-37ರ ಸುತ್ತ ಇರುತ್ತದೆ, ರಾತ್ರಿ ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಬರೆದಷ್ಟು ತಂಪು ನಮಗೆ ಹೆಚ್ಚು ಕಡಿಮೆ ಪೂರ್ತಿ ಸಿಗುತ್ತದೆ.

ಈಗ ಒಂದು ಟೇಪು, ಒಂದು ಹಾಳೆ, ಮೆಸ್ಕಾಂನ ಕಳೆದ ತಿಂಗಳ ಬಿಲ್ ತಗೊಂಡು ಕೂರಿ.

ಹಂತ 1: ರೂಮು ಅಳೆಯಿರಿ

ಗೋಡೆಯಿಂದ ಗೋಡೆಗೆ ಒಳ ಅಳತೆ ಸಾಕು. ಉದ್ದ, ಅಗಲ ಗುಣಿಸಿದರೆ ಚದರ ಅಡಿ. ಮೇಸ್ತ್ರಿಗಳು ಹೇಳುವ "ಒಂದು ಚದರ" ಅಂದರೆ 100 ಚದರ ಅಡಿ. 10 ಅಡಿಗೆ 12 ಅಡಿಯ ರೂಮು ಒಂದೂಕಾಲು ಚದರಕ್ಕೂ ಸ್ವಲ್ಪ ಕಡಿಮೆ.

ಬಾತ್‌ರೂಮಿಗೆ ಬಾಗಿಲಿದ್ದು ಮುಚ್ಚಿರುತ್ತದೆ ಅಂದರೆ ಅದನ್ನು ಸೇರಿಸಬೇಡಿ. ಹಾಲ್‌ಗೂ ಊಟದ ಜಾಗಕ್ಕೂ ನಡುವೆ ಬರೀ ಕಮಾನು ಇದ್ದರೆ ಎರಡನ್ನೂ ಸೇರಿಸಲೇಬೇಕು, ತಂಪು ಗಾಳಿ ಅಲ್ಲಿಗೂ ಹೋಗುತ್ತದೆ. ಹಾಲ್‌ಗೆ ಎಸಿ ಹಾಕಿಸಿ "ತಂಪಾಗ್ತಾನೇ ಇಲ್ಲ" ಅನ್ನುವವರು ಸಾಮಾನ್ಯವಾಗಿ ಇಲ್ಲೇ ಎಡವಿರುತ್ತಾರೆ. ಮೆಟ್ಟಿಲು ಹಾಲ್‌ನೊಳಗೇ ಇದ್ದು ಮಹಡಿಗೆ ತೆರೆದುಕೊಂಡಿದ್ದರೆ ಅಲ್ಲಿ ಎಸಿ ಆಸೆ ಬಿಡುವುದು ಒಳ್ಳೆಯದು.

ಚದರ ಅಡಿಯನ್ನು 80ರಿಂದ ಗುಣಿಸಿ. ಬರುವುದು ಬಿಟಿಯು. ಇದು ಕೆಳಮಹಡಿಯ, 10 ಅಡಿ ಎತ್ತರದ, ಇಬ್ಬರು ಮಲಗುವ ರೂಮಿಗೆ ನಾನು ಇಟ್ಟುಕೊಂಡಿರುವ ಅಂದಾಜು. ಎತ್ತರ ಜಾಸ್ತಿ ಇದ್ದರೆ ಪ್ರತಿ ಅಡಿಗೆ ಶೇ. 5 ಸೇರಿಸಿ.

ಹಂತ 2: ಸೂರು ನೋಡಿ

ಇದೇ ಮುಖ್ಯ ಹಂತ, ಅವಸರ ಮಾಡಬೇಡಿ.

ಬಿಸಿಲಿದ್ದ ದಿನ ರಾತ್ರಿ 9 ಗಂಟೆಗೆ ಸ್ಟೂಲ್ ಹತ್ತಿ ರೂಮಿನ ಮೇಲ್ಛಾವಣಿಗೆ ಅಂಗೈ ಇಟ್ಟು ನೋಡಿ. ಆಮೇಲೆ ಒಳಗಿನ ಗೋಡೆ ಮುಟ್ಟಿ. ಮೇಲೆ ಬರೀ ತಾರಸಿ ಇದ್ದರೆ ಎರಡಕ್ಕೂ ಇರುವ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಆರ್‌ಸಿಸಿ ಸ್ಲ್ಯಾಬ್ ಹಗಲಿಡೀ ಬಿಸಿಲು ಕುಡಿದು, ನೀವು ಮಲಗುವ ಹೊತ್ತಿಗೆ ಅದನ್ನು ಕೆಳಗೆ ಬಿಡಲು ಶುರು ಮಾಡುತ್ತದೆ. ಹೊರಗೆ ತಂಗಾಳಿ ಇದ್ದರೂ ಒಳಗೆ ಸೆಕೆ ಆಗುವುದು ಇದಕ್ಕೇ.

ಲೆಕ್ಕ ಹೀಗೆ ಹಿಡಿಯಿರಿ:

- ಮೇಲೆ ಇನ್ನೊಂದು ಮಹಡಿ ಇದ್ದರೆ ಏನೂ ಸೇರಿಸಬೇಡಿ.
- ಮೇಲೆ ಬರಿಯ ತಾರಸಿ ಇದ್ದರೆ ಶೇ. 20 ಸೇರಿಸಿ.
- ತಾರಸಿಯ ಮೇಲೆ ಶೀಟ್ ಹಾಕಿಸಿದ್ದು, ನಾಲ್ಕೂ ಕಡೆ ಗಾಳಿ ಆಡುವಂತಿದ್ದರೆ ಶೇ. 5 ಸಾಕು.
- ಹಂಚಿನ ಮಾಡು, ಕೆಳಗೆ ಮರದ ಮುಚ್ಚಿಗೆ ಅಥವಾ ಅಟ್ಟ ಇದ್ದರೆ ಶೇ. 15.
- ತಗಡಿನ ಶೀಟು, ಅದರ ಕೆಳಗೆ ಫಾಲ್ಸ್ ಸೀಲಿಂಗ್ ಮಾತ್ರ ಇದ್ದರೆ ಶೇ. 30.

ಮಳೆ ಸೋರದಿರಲಿ, ಅಡಿಕೆ ಒಣಗಿಸಲು ಆಗಲಿ ಎಂದು ನಮ್ಮ ಕಡೆ ತಾರಸಿಗೆ ಶೀಟ್ ಹಾಕಿಸುವ ರೂಢಿ ಇದೆ. ಎಸಿ ಲೆಕ್ಕಕ್ಕೆ ಅದು ದೊಡ್ಡ ವರ. ಬಿಸಿಲು ಸ್ಲ್ಯಾಬನ್ನು ಮುಟ್ಟುವುದೇ ಇಲ್ಲ. ಸೋರುವ ತಾರಸಿಗೆ ಹೇಗೂ ಶೀಟ್ ಹಾಕಿಸುವ ಯೋಚನೆ ಇದ್ದರೆ ಮೊದಲು ಅದನ್ನು ಮುಗಿಸಿ, ಒಂದು ಬೇಸಿಗೆ ನೋಡಿ, ಆಮೇಲೆ ಎಸಿ ಬೇಕಾ ಅಂತ ತೀರ್ಮಾನಿಸಿ. ಕೆಲವರಿಗೆ ಬೇಕಾಗುವುದೇ ಇಲ್ಲ. ಅಷ್ಟು ಖರ್ಚು ಕಷ್ಟ ಅಂದರೆ ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಬಳಿಸುವುದೂ ಒಂದು ದಾರಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಕಪ್ಪಾಗುತ್ತದೆ, ಬೇಸಿಗೆಗೆ ಮೊದಲು ತೊಳೆಯಬೇಕು.

ಒಂದು ಎಚ್ಚರಿಕೆ. ಮುಚ್ಚಿಗೆ ಇಲ್ಲದ ಹಂಚಿನ ಮನೆಗೆ ಎಷ್ಟು ಟನ್ ಎಸಿ ಹಾಕಿದರೂ ಪ್ರಯೋಜನ ಇಲ್ಲ. ಹಂಚಿನ ಸಂದುಗಳಲ್ಲಿ ಗಾಳಿ ಓಡಾಡುತ್ತಲೇ ಇರುತ್ತದೆ. ಆ ಸೂರು ಇರುವುದೇ ಹಾಗೆ ಗಾಳಿ ಆಡಿ ತಂಪಾಗಿರಲಿ ಅಂತ. ಎಸಿ ಬೇಕೇ ಬೇಕು ಅನ್ನುವ ಕಾಯಿಲೆಯವರು, ವಯಸ್ಸಾದವರು ಮನೆಯಲ್ಲಿದ್ದರೆ ಒಂದು ಕೋಣೆಗೆ ಮಾತ್ರ ಸಂದಿಲ್ಲದ ಸೀಲಿಂಗ್ ಮಾಡಿಸಿ, ಗೋಡೆಯ ಮೇಲಿನ ಗವಾಕ್ಷಿ ಮುಚ್ಚಿಸಿ, ಆ ಕೋಣೆಗೆ ಲೆಕ್ಕ ಹಾಕಿ.

ಹಂತ 3: ಗೋಡೆ, ಕಿಟಕಿ, ಜನ

ಪಶ್ಚಿಮದ ಗೋಡೆಗೆ ಸಂಜೆವರೆಗೂ ಬಿಸಿಲು ಬಿದ್ದರೆ ಶೇ. 10. ಆ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿಯೂ ಇದ್ದರೆ ಇನ್ನೂ 5. ಮಾವಿನ ಮರವೋ ಹಲಸಿನ ಮರವೋ ಗೋಡೆಗೆ ನೆರಳು ಕೊಡುತ್ತಿದ್ದರೆ ಈ ಎರಡನ್ನೂ ಬಿಟ್ಟುಬಿಡಿ. ದಪ್ಪನೆಯ ಜಂಬಿಟ್ಟಿಗೆ ಗೋಡೆಯ ಹಳೆಯ ಮನೆ ತಂಪು ಅನ್ನೋದು ನಿಜ. ಅದಕ್ಕೆ ಬೇರೆ ಕಳೆಯುವುದು ಬೇಡ, ಎತ್ತರದ ಸೂರು ಆ ಲಾಭವನ್ನು ಸರಿದೂಗಿಸಿಬಿಡುತ್ತದೆ.

ಇಬ್ಬರಿಗಿಂತ ಜಾಸ್ತಿ ಜನ ಮಲಗಿದರೆ ತಲೆಗೆ 600 ಬಿಟಿಯು. ಅಡುಗೆ ಒಲೆ ಅದೇ ಹಾಲ್‌ಗೆ ತೆರೆದುಕೊಂಡಿದ್ದರೆ 4,000.

ಹಂತ 4: ಕೂಡಿಸಿ ನೋಡಿ

ಶೇಕಡಾವಾರು ಎಲ್ಲವನ್ನೂ ಒಟ್ಟು ಮಾಡಿ ಒಂದೇ ಸಲ ಸೇರಿಸಿ. ಬಂದ ಮೊತ್ತವನ್ನು 12,000ದಿಂದ ಭಾಗಿಸಿದರೆ ಟನ್, 3.4ರಿಂದ ಭಾಗಿಸಿದರೆ ವ್ಯಾಟ್. ವ್ಯಾಟ್ ಅಂಕಿ ಮುಂದಿನ ಹಂತಕ್ಕೆ ಬೇಕು, ಬರೆದಿಟ್ಟುಕೊಳ್ಳಿ.

ವಿನೋಬನಗರದ ಒಂದು ಕೆಳಮಹಡಿ ರೂಮು, 10ಕ್ಕೆ 12, ಮೇಲೆ ಬಾಡಿಗೆಯವರು. 120 ಚದರ ಅಡಿಗೆ 9,600. ಅಪ್ಪ, ಅಮ್ಮ, ಒಂದು ಮಗು, ಹಾಗಾಗಿ 600 ಸೇರಿ 10,200. ಅಂದರೆ 0.85 ಟನ್, 3,000 ವ್ಯಾಟ್. ಇಲ್ಲಿ 1 ಟನ್ ಧಾರಾಳ. ಇಂಥ ರೂಮಿಗೇ ಅಂಗಡಿಯವರು ಒಂದೂವರೆ ಹೇಳುವುದು.

ಭದ್ರಾವತಿಯಲ್ಲಿ ಮೇಲ್ಮಹಡಿ ರೂಮು, 12ಕ್ಕೆ 14, ಬರಿಯ ತಾರಸಿ, ಪಶ್ಚಿಮದ ಬಿಸಿಲು. 168 ಚದರ ಅಡಿಗೆ 13,440, ಅದಕ್ಕೆ ಶೇ. 30 ಸೇರಿಸಿದರೆ 17,472. ಸುಮಾರು 1.46 ಟನ್, 5,140 ವ್ಯಾಟ್. ಇದಕ್ಕೆ ಪೂರ್ತಿ 1.5 ಟನ್ ಬೇಕು. ಇದೇ ತಾರಸಿಗೆ ಶೀಟ್ ಬಿದ್ದರೆ ಶೇ. 15 ಮಾತ್ರ ಸೇರಿ 15,456 ಆಗುತ್ತದೆ, ಸುಮಾರು 4,550 ವ್ಯಾಟ್. ಆಗ 1.5 ಟನ್‌ನಲ್ಲೇ ಕಡಿಮೆ ಸಾಮರ್ಥ್ಯದ ಮಾಡೆಲ್ ಸಾಕು.

ತೀರ್ಥಹಳ್ಳಿ ಕಡೆ 12ಕ್ಕೆ 12ರ ಕೋಣೆ, ಹಂಚು, ಕೆಳಗೆ ಮುಚ್ಚಿಗೆ, ಸುತ್ತ ತೋಟ. 11,520ಕ್ಕೆ ಶೇ. 15 ಸೇರಿ 13,248, ಅಂದರೆ 1.1 ಟನ್. ಇಲ್ಲಿ 1ಕ್ಕೆ ಇಳಿಯೋದಾ, 1.5ಕ್ಕೆ ಏರೋದಾ? ರಾತ್ರಿ ಮಾತ್ರ ಬಳಸುವುದಾದರೆ 1 ಟನ್‌ಗೆ ಇಳಿಯಿರಿ. ಶೇ. 10ರಷ್ಟು ಕೊರತೆ ರಾತ್ರಿಯ ತಂಪಿನಲ್ಲಿ ತಾನೇ ಸರಿಹೋಗುತ್ತದೆ, ಎಸಿ ನಿಲ್ಲದೆ ಓಡುವುದರಿಂದ ತೇವವೂ ಚೆನ್ನಾಗಿ ಇಳಿಯುತ್ತದೆ. ಮಧ್ಯಾಹ್ನವೂ ಮಲಗಿರುವ ಹಿರಿಯರ ಕೋಣೆ ಅಂದರೆ ಮೇಲಿನದಕ್ಕೆ ಹೋಗಿ.

ಹಂತ 5: ಅಂಗಡಿಯಲ್ಲಿ ಲೇಬಲ್ ಓದಿ

ಡಬ್ಬಿಯ ಮೇಲಿನ "1.5 ಟನ್" ನಂಬಿ ಬರಬೇಡಿ. ಬಿಇಇ, ಅಂದರೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯ ನಕ್ಷತ್ರದ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ಹತ್ತಿರದಿಂದ ಓದಿ. ಅದರಲ್ಲಿ ತಂಪು ಮಾಡುವ ಸಾಮರ್ಥ್ಯ ವ್ಯಾಟ್ ಲೆಕ್ಕದಲ್ಲಿ ಇರುತ್ತದೆ. ಒಂದೂವರೆ ಟನ್ ಎಂದು ಮಾರುವ ಎರಡು ಮಾಡೆಲ್‌ಗಳಲ್ಲಿ ಒಂದು 4,800, ಇನ್ನೊಂದು 5,200 ವ್ಯಾಟ್ ಇರಬಹುದು. ನಿಮ್ಮ ಹಾಳೆಯ ಅಂಕಿಗೆ ಹತ್ತಿರ ಇರುವುದು ನಿಮ್ಮದು. ಇನ್ವರ್ಟರ್ ಎಸಿಯ ಚೀಟಿಯಲ್ಲಿ ಪೂರ್ತಿ ವೇಗದ ಮತ್ತು ಅರ್ಧ ವೇಗದ ಎರಡು ಅಂಕಿ ಇದ್ದರೆ, ಪೂರ್ತಿ ವೇಗದ್ದನ್ನು ಹಿಡಿಯಿರಿ.

ಅದೇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದೂ ಇರುತ್ತದೆ. ಅದು 1,600 ಗಂಟೆ ಓಡಿಸಿದರೆ ಆಗುವ ಖರ್ಚು. ನಕ್ಷತ್ರದ ಪಕ್ಕ ಯಾವ ವರ್ಷದ್ದು ಎಂದೂ ನೋಡಿ. ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಹಳೆಯ ಸ್ಟಾಕಿನ 5 ನಕ್ಷತ್ರ ಹೊಸ ಲೆಕ್ಕದಲ್ಲಿ ಅಷ್ಟು ಇರುವುದಿಲ್ಲ.

5 ನಕ್ಷತ್ರ ಎಲ್ಲರಿಗೂ ಬೇಕಾ? ವರ್ಷದಲ್ಲಿ ಎರಡು ಮೂರು ತಿಂಗಳು, ರಾತ್ರಿ ಮಾತ್ರ ಬಳಸುವ ಮಲೆನಾಡಿನ ಮನೆಗೆ 3 ನಕ್ಷತ್ರದ ಇನ್ವರ್ಟರ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಉಳಿದ ದುಡ್ಡನ್ನು ಸೂರಿಗೆ ಹಾಕಿ, ಅದು ವರ್ಷವಿಡೀ ಕೆಲಸಕ್ಕೆ ಬರುತ್ತದೆ.

"ಕನ್ವರ್ಟಿಬಲ್ ಇದೆ, 2 ಟನ್ ತಗೊಂಡು ಅರ್ಧಕ್ಕೆ ಇಟ್ಟು ಓಡಿಸಿ" ಎಂದರೆ ಒಪ್ಪಬೇಡಿ. ಬಟನ್ ಒತ್ತಿ ಸಾಮರ್ಥ್ಯ ಇಳಿಸಬಹುದು ಅನ್ನೋದು ಸರಿ. ಆದರೆ ಬೆಲೆ, ವೈರಿಂಗ್ ಎಲ್ಲ 2 ಟನ್‌ದ್ದೇ ಬೀಳುತ್ತದೆ.

ಹಂತ 6: ಕರೆಂಟಿನ ಲೆಕ್ಕ

ಬಿಲ್‌ನಲ್ಲಿ ಮಂಜೂರಾದ ಲೋಡ್ ಎಂದು ಕಿಲೋವ್ಯಾಟ್‌ನಲ್ಲಿ ಬರೆದಿರುತ್ತದೆ. 1.5 ಟನ್ ಎಸಿ ಪೂರ್ತಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ, ಗೀಸರ್ ಬೇರೆ ಎರಡು. ಮನೆಗೆ ಇರುವುದೇ 2 ಕಿಲೋವ್ಯಾಟ್ ಅಂದರೆ ಮೆಸ್ಕಾಂ ಕಚೇರಿಯಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ. ಪ್ರತಿ ಕಿಲೋವ್ಯಾಟ್‌ಗೆ ತಿಂಗಳ ನಿಗದಿತ ಶುಲ್ಕ ಏರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೃಹಜ್ಯೋತಿ ಇರುವವರು ಇದನ್ನು ತಪ್ಪದೆ ಓದಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನೀವೇ ಕಟ್ಟಬೇಕು. ಚೀಟಿಯಲ್ಲಿ ವರ್ಷಕ್ಕೆ 800 ಯೂನಿಟ್ ಅಂತಿದ್ದರೆ ಗಂಟೆಗೆ ಅರ್ಧ ಯೂನಿಟ್. ರಾತ್ರಿ 8 ಗಂಟೆಗೆ 4 ಯೂನಿಟ್, ತಿಂಗಳಿಗೆ 120. ಮನೆಯ ಮಾಮೂಲಿ ಬಳಕೆ 110 ಇದ್ದರೆ ಒಟ್ಟು 230 ಆಯಿತು. ಇಲ್ಲಿ ಸರಿಯಾದ ಸೈಜು, ಸರಿಯಾದ ಡಿಗ್ರಿ ನಿಜವಾಗಿ ದುಡ್ಡು ಉಳಿಸುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟ್ ಉಳಿಯುತ್ತದೆ ಎಂದು ಬಿಇಇ ಹೇಳುತ್ತದೆ. 26ಕ್ಕೆ ಇಟ್ಟು ಸೀಲಿಂಗ್ ಫ್ಯಾನನ್ನು ನಿಧಾನಕ್ಕೆ ಹಾಕಿಕೊಳ್ಳಿ. ತೇವ ಇಳಿದ ಗಾಳಿಯಲ್ಲಿ 26 ಡಿಗ್ರಿ ಬೇಕಾದಷ್ಟು ಹಿತವಾಗಿರುತ್ತದೆ.

ಎಸಿಗೆ ಬೋರ್ಡಿನಿಂದ ಪ್ರತ್ಯೇಕ ವೈರ್, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. 1.5 ಟನ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿ. ಹಳೆಯ ಮನೆಯಲ್ಲಿ ಗೀಸರ್ ಪಾಯಿಂಟಿನಿಂದ ಎಳೆದು ಕೊಡುತ್ತೇನೆ ಎಂದರೆ ಬೇಡ ಅನ್ನಿ, ವೈರ್ ಕಾದು ಬೆಂಕಿ ಹತ್ತುವುದು ಹೀಗೆಯೇ.

ಹಳ್ಳಿ ಲೈನಿನಲ್ಲಿ ಇದ್ದರೆ ಸಂಜೆ 7-8 ಗಂಟೆಯ ವೋಲ್ಟೇಜ್ ಅಳೆಸಿ. ತೋಟದ ಪಂಪು ಓಡುವ ಹೊತ್ತಿನಲ್ಲೂ ಒಮ್ಮೆ ನೋಡಿಸಿ. ಎಸಿಯ ಜೊತೆ ಬರುವ ಪುಸ್ತಕದಲ್ಲಿ ಎಷ್ಟರಿಂದ ಎಷ್ಟು ವೋಲ್ಟ್‌ವರೆಗೆ ಸ್ಟೆಬಿಲೈಸರ್ ಬೇಡ ಎಂದು ಇರುತ್ತದೆ. ನಿಮ್ಮದು ಅದಕ್ಕಿಂತ ಇಳಿದರೆ ಸ್ಟೆಬಿಲೈಸರ್ ಹಾಕಿಸಲೇಬೇಕು, 1.5 ಟನ್‌ಗೆ ಸಾಮಾನ್ಯವಾಗಿ 4 ಕೆವಿಎ. ಆದರೆ ಸಿಡಿಲಿನಿಂದ ಸ್ಟೆಬಿಲೈಸರ್ ಕಾಪಾಡುವುದಿಲ್ಲ. ಮುಂಗಾರು ಮೊದಲಿನ ಗುಡುಗು ಶುರುವಾದ ಕೂಡಲೇ ಎಸಿಯ ಪ್ಲಗ್ಗನ್ನೇ ಕೀಳುವುದು ಒಳ್ಳೆಯದು.

ಹಂತ 7: ಕೂರಿಸುವ ದಿನ

ಹೊರಗಿನ ಡಬ್ಬಿ ನೆರಳಿನಲ್ಲಿ, ಮುಂದೆ ಗಾಳಿ ಹೋಗಲು ಜಾಗ ಇರುವಲ್ಲಿ ಬರಲಿ. ಅದು ಮಳೆಗೆ ನೆನೆಯುವಂತೆಯೇ ಮಾಡಿರುವ ಯಂತ್ರ. ಮಳೆ ಅಂತ ಸುತ್ತ ತಗಡು ಮುಚ್ಚಿ ಉಸಿರು ಕಟ್ಟಿಸಬೇಡಿ. ನೀರಿನ ಪೈಪು ಹೊರಕ್ಕೆ ಇಳಿಜಾರಾಗಿದೆಯಾ ನೋಡಿ, ಒಂದು ಮಗ್ ನೀರು ಹಾಕಿಸಿ ಪರೀಕ್ಷೆ ಮಾಡಿಸಿ. ಗೋಡೆಯ ರಂಧ್ರಕ್ಕೆ ಸರಿಯಾಗಿ ಗಾರೆ ಮೆತ್ತಿಸಿ. ಹಲ್ಲಿ, ಇರುವೆ ಒಳಸೇರಿ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋಗುವುದು ನಮ್ಮ ಕಡೆ ಮಾಮೂಲಿ ರಿಪೇರಿ. ತಾಮ್ರದ ಪೈಪು ಸಾಮಾನ್ಯವಾಗಿ 3 ಮೀಟರ್ ಮಾತ್ರ ಜೊತೆಗೆ ಬರುತ್ತದೆ. ಮೇಲಿನದಕ್ಕೆ ಮೀಟರ್ ಲೆಕ್ಕದಲ್ಲಿ ದುಡ್ಡು, ದರವನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಮಳೆಗಾಲಕ್ಕೂ ಆಗುತ್ತದಾ?

ಈ ಪ್ರಶ್ನೆ ಹೊಸನಗರ, ಆಗುಂಬೆ ಕಡೆಯಿಂದ ಜಾಸ್ತಿ ಬರುತ್ತದೆ. ಜುಲೈನಲ್ಲಿ ಬಟ್ಟೆ ಒಣಗಲ್ಲ, ಬೀರುವಿನಲ್ಲಿ ಬೂಸ್ಟು, ದೊಡ್ಡ ಎಸಿ ಹಾಕಿಸಿದರೆ ತೇವ ಹೋಗುತ್ತಾ ಅಂತ. ಹೋಗುವುದಿಲ್ಲ. ಆಗ ರೂಮೇ 23-24 ಡಿಗ್ರಿ ಇರುತ್ತದೆ. 24ಕ್ಕೆ ಇಟ್ಟ ಎಸಿಗೆ ಕೆಲಸವೇ ಇರುವುದಿಲ್ಲ, ಕಂಪ್ರೆಸರ್ ಓಡುವುದಿಲ್ಲ, ನೀರೂ ಇಳಿಯುವುದಿಲ್ಲ. ತೇವ ಇಳಿಸಲೆಂದು ಎಸಿಯಲ್ಲೇ ಇರುವ ಡ್ರೈ ಮೋಡ್ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ರೂಮು ಚಳಿಯಾಗುತ್ತದೆ. ತೇವಕ್ಕೆಂದೇ ಡಿಹ್ಯೂಮಿಡಿಫೈಯರ್ ಎಂಬ ಬೇರೆ ಯಂತ್ರ ಸಿಗುತ್ತದೆ. ಗಾಳಿಯ ನೀರನ್ನು ಹೀರಿ ತೊಟ್ಟಿಗೆ ತುಂಬುತ್ತದೆ, ರೂಮನ್ನು ತಣ್ಣಗೆ ಮಾಡುವುದಿಲ್ಲ. ಗೋಡೆಗೆ ಕೂರಿಸುವ ಕೆಲಸ ಇಲ್ಲ, ಬೀರು ಇರುವ ಕೋಣೆಗೆ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿ ಓಡಿಸಬಹುದು. ಮಳೆಗಾಲದ ತೊಂದರೆಯೇ ನಿಮಗೆ ದೊಡ್ಡದು ಅಂದರೆ ಎಸಿಗಿಂತ ಮೊದಲು ಅದನ್ನು ತನ್ನಿ.